ಡಬ್ಬಿಯ ಪುಡಿ ಮದ್ದಲ್ಲ

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ರೋಗದ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಶಾಲೆಯಲ್ಲಿ ಅಕ್ಷರ ಕಲಿತ ನನ್ನ ತಲೆಮಾರಿನವರು ಇಂದು ಹೃದಯದ ಚಿಂತೆಯ ವಯಸ್ಸಿಗೆ ಬಂದಿದ್ದೇವೆ.

ನನ್ನ ಹೃದಯ ದುರ್ಬಲವಾಗಿದೆಯೆಂದು ತಿಳಿದಾಗ ಗಲ್ಫಿನ ಬಂಧುವೊಬ್ಬರು ಅಕ್ಕರೆಯಿಂದ ಆರ್ಜಿನೀನ್ ಪುಡಿಯ ಡಬ್ಬಿಯೊಂದನ್ನು ತಂದಿತ್ತರು. ವೈದ್ಯರಿಗೆ ತೋರಿಸಿದೆ; ಬೇಡವೆಂದರು. ಈ ಅಮೈನೋ ಆಮ್ಲದಿಂದ ದೇಹವು ನೈಟ್ರಿಕ್ ಆಕ್ಸೈಡನ್ನು ತಯಾರಿಸುತ್ತದೆ. ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಈ ಸಂಶೋಧನೆಗೆ 1998ರಲ್ಲಿ ನೊಬೆಲ್ ಪ್ರಶಸ್ತಿಯೂ ಸಂದಿದೆ. ಆದರೆ ತತ್ತ್ವ ಸರಿಯಾದ ಮಾತ್ರಕ್ಕೆ ಮದ್ದು ಸರಿಯಾಗದು. ಹೃದಯಾಘಾತಕ್ಕೊಳಗಾದ 153 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರ್ಜಿನೀನ್ ಸೇವಿಸಿದವರ ಪೈಕಿ 6 ಮಂದಿ ತೀರಿಕೊಂಡರು. ಹುಸಿಮದ್ದು ಪಡೆದವರಲ್ಲಿ ಒಬ್ಬರೂ ಸಾಯಲಿಲ್ಲ. ಮೇಲಾಗಿ ನನ್ನಂಥವರ ಗುಳಿಗೆಗಳೇ ರಕ್ತದೊತ್ತಡವನ್ನು ತಗ್ಗಿಸುತ್ತವೆ. ಪುಡಿಯೂ ಸೇರಿದರೆ ಅದು ಮಿತಿಮೀರಿ ಇಳಿದೀತು.

ಪುಡಿಯನ್ನು ನಂಬುವ ನಾವು ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳನ್ನು ಮರೆಯುತ್ತೇವೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪರದಾಡಿದುದನ್ನು ಮರೆಯಲಾದೀತೇ? ವೈದ್ಯರು ದೂರವಾದಾಗ ತಿಳಿವಳಿಕೆಯೇ ಆಸರೆ. ಅದು ತಾಯ್ನುಡಿಯಲ್ಲಿದ್ದರೆ ಮನಸ್ಸಿಗಿಳಿಯುತ್ತದೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನದು. ನಮ್ಮ ಮನೆಯ ಹಿರಿಯರು ಓದಬಲ್ಲುದು ಕನ್ನಡವನ್ನು. ಗುಳಿಗೆ, ಉಪ್ಪು, ರಕ್ತದೊತ್ತಡಗಳ ಕುರಿತು ವೈದ್ಯರಾಗಿರುವ ಹಳೆವಿದ್ಯಾರ್ಥಿಗಳು ಕನ್ನಡದಲ್ಲಿ ಒಂದು ಹಾಳೆಯನ್ನು ಬರೆದುಕೊಡಲಿ. ನಮ್ಮ ಸಂಘವು ಅದನ್ನು ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸಲಿ. ಅಕ್ಷರವಿತ್ತ ಶಾಲೆಗೆ ಅದಕ್ಕಿಂತ ಮಿಗಿಲಾದ ಗುರುದಕ್ಷಿಣೆ ಬೇರೆಯಿಲ್ಲ.