ಚೆಂಡಿನ ಮೇಲಣ ಹಸ್ತಾಕ್ಷರ

ಅಮೆರಿಕೆಯಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಕಾಗದ ಬರೆದಿರುವನು. ಆತನ ನೆರೆಮನೆಯ ವೃದ್ಧೆಯಲ್ಲಿ ಆಕೆಯ ತಂದೆಯ ಕಾಲದ ಬೇಸ್‌ಬಾಲ್ ಚೆಂಡೊಂದಿರುವುದಂತೆ. ಅದರ ಮೇಲೆ ನ್ಯೂಯಾರ್ಕ್ ಯಾಂಕೀಸ್ ತಂಡದ ಪ್ರಖ್ಯಾತ ಆಟಗಾರ ಲೂ ಗೆರಿಗ್ಗನ ಹಸ್ತಾಕ್ಷರ. ಮಸಿ ಮಾಸಿದೆ, ಹೊಸ ಮಸಿಯಿಂದ ತಿದ್ದಿಕೊಡಬಹುದೆ ಎಂದು ಪ್ರಶ್ನೆ.

ಸರ್ವಥಾ ಕೂಡದು. ಓಲೆಗರಿಯ ಅಕ್ಷರಗಳನ್ನು ‘ಸರಿಪಡಿಸಿದ’ ಲಿಪಿಕಾರರಿಂದ ನಾವು ಪಟ್ಟ ಪಾಡು ಸಾಲದೆ? ತಿದ್ದಿದ ಬಳಿಕ ಅದು ಗೆರಿಗ್ಗನ ಬರಹವಲ್ಲ, ಶಿಷ್ಯನ ಬರಹ.

ಹೆಸರಿಗಿಂತ ಮೊದಲು ಚೆಂಡನ್ನೇ ಪರೀಕ್ಷಿಸತಕ್ಕದ್ದು. ಅಮೆರಿಕನ್ ಲೀಗಿನ ಅಧಿಕೃತ ಚೆಂಡಿನ ಮೇಲೆ ಲೀಗಿನ ಅಧ್ಯಕ್ಷನ ಹೆಸರು ಅಚ್ಚಾಗಿರುತ್ತಿತ್ತು. 1931ರಿಂದ 1959ರವರೆಗೆ ವಿಲ್ ಹ್ಯಾರಿಡ್ಜನದು. ಅನಂತರ ಬಂದವರ ಹೆಸರಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು. ಮಸಿಯೂ ಸಾಕ್ಷಿ ಹೇಳುವುದು: ಬಾಲ್‌ಪಾಯಿಂಟ್ ಲೇಖನಿಯು ಅಲ್ಲಿಯ ಅಂಗಡಿಗಳಿಗೆ ಬಂದುದು 1945ರಲ್ಲಿ, ಗೆರಿಗ್ಗನು ಕಾಲವಾದುದು 1941ರಲ್ಲಿ. ಉಳಿದುದನ್ನು ವಾಚಕರೇ ಊಹಿಸಬಲ್ಲರು. ಕೃತ್ರಿಮಕ್ಕಂತೂ ಮೇರೆಯಿಲ್ಲ. 1990ರ ದಶಕದಲ್ಲಿ ಎಫ್.ಬಿ.ಐ. ನಡೆಸಿದ ಶೋಧನೆಯಲ್ಲಿ ಮದರ್ ತೆರೇಸಾರ ಖೋಟಾ ಹಸ್ತಾಕ್ಷರವುಳ್ಳ ಬೇಸ್‌ಬಾಲ್‌ಗಳೂ ಸಿಕ್ಕಿದುವು!

ರಕ್ಷಣೆಯ ಕ್ರಮ ಸುಲಭ. ಬೆಳಕೇ ಮಸಿಗೆ ಮೃತ್ಯು; ಆದುದರಿಂದ ಕಿಟಕಿಯ ಬಳಿ ಪ್ರದರ್ಶಿಸದೆ ಕತ್ತಲಲ್ಲಿ, ಅತಿಯಾದ ತೇವವೂ ಒಣಹವೆಯೂ ಇಲ್ಲದೆಡೆ ಇಡಬೇಕು. ಬರಿಗೈಯಿಂದ ಅಕ್ಷರಗಳನ್ನು ಸವರಬಾರದು. ಹಿಂದೆ ಕೆಲವರು ರಕ್ಷಣೆಗೆಂದು ಅರಗಿನ ಮೆರುಗು ಬಳಿದರು. ಅದು ಕಾಲಕ್ರಮದಲ್ಲಿ ಕಂದುಗಟ್ಟಿ ಚೆಂಡನ್ನೇ ಕೆಡಿಸಿತು.

ಪರಿಣತರು ಹಸ್ತಾಕ್ಷರವನ್ನು ಸುಳ್ಳೆಂದರೂ ಚೆಂಡನ್ನು ಎಸೆಯದಂತೆ ಆ ತಾಯಿಗೆ ಹೇಳೆಂದು ಬರೆದಿರುವೆನು. ಆಕೆಯ ತಂದೆ ಕಾಪಾಡಿದ ವಸ್ತುವಷ್ಟೆ ಅದು.