ಸೌದಿಯಲ್ಲಿ ಟ್ರೈಲರ್, ತಾಂಡೂರಿನಲ್ಲಿ ಲಾರಿ: ನಮ್ಮ ತಕ್ಕಡಿಗೆ ಎರಡು ತೂಕ

ಕಳೆದ ಸಲ ಊರಿಗೆ ಬಂದಾಗ ಜುಮಾ ಮುಗಿಸಿ ಪಳ್ಳಿಯ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಉಪ್ಪನ ಪರಿಚಯದ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸಿದರು. "ಮೋನೆ, ನೀನು ಜಹೀರಾಬಾದಿನಲ್ಲಿ ಅಲ್ವಾ ಇರುವುದು? ಅಲ್ಲಿ ದೊಡ್ಡ ಇಂಡಸ್ಟ್ರಿ ಸಿಟಿ ಬರ್ತದಂತೆ. ನನ್ನ ಸಣ್ಣವನಿಗೆ ಒಂದು ಟಿಪ್ಪರ್ ತೆಗೆದು ಕೊಟ್ಟರೆ ಹೇಗೆ? ಅವನ ಉಮ್ಮನ ಬಂಗಾರ ಉಂಟು, ಬಾಕಿಗೆ ಫೈನಾನ್ಸ್ ಮಾಡುವ."

ಹುಡುಗನನ್ನು ನನಗೆ ಗೊತ್ತು. ಹೆವಿ ಲೈಸೆನ್ಸ್ ಉಂಟು, ಕೈ ಚೆನ್ನಾಗಿದೆ. "ಮೊದಲು ಅವನು ಡ್ರೈವರ್ ಆಗಿ ಬರಲಿ. ಒಂದು ವರ್ಷ ಸಂಬಳಕ್ಕೆ ದುಡಿದು ನೋಡಲಿ. ಆಮೇಲೆ ಗಾಡಿಯ ಮಾತು" ಎಂದೆ. ಅವರ ಮುಖ ಸಣ್ಣದಾಯಿತು. "ನಮ್ಮ ಮನೆಯವನು ಲಾರಿ ಡ್ರೈವರ್ ಆಗುವುದಾ? ಹಾಗಾದರೆ ಸೌದಿಗೇ ಕಳಿಸ್ತೇನೆ."

"ಸೌದಿಯಲ್ಲಿ ಎಂತ ಕೆಲಸ?"

"ಟ್ರೈಲರ್ ಓಡಿಸುವುದು."

ನಾನು ನಗಲಿಲ್ಲ. ನಗುವ ವಿಷಯ ಇದಲ್ಲ. ಈ ಎರಡು ತೂಕದ ತಕ್ಕಡಿಯಿಂದಲೇ ನಮ್ಮಲ್ಲಿ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿವೆ. ದಮ್ಮಾಮಿನಿಂದ ತೈಲ ಬಾವಿಯ ಕಡೆಗೆ ಪೈಪು ಹೊತ್ತುಕೊಂಡು ಮರಳುಗಾಡಿನಲ್ಲಿ ಟ್ರೈಲರ್ ಓಡಿಸಿದರೆ ಅವನು ಪುದಿಯಾಪ್ಳೆ, ನಾಲ್ಕು ಮನೆಯಿಂದ ಸಂಬಂಧ ಬರುತ್ತದೆ. ತಾಂಡೂರಿನಿಂದ ಸಿಮೆಂಟ್ ಹೊತ್ತುಕೊಂಡು ಲಾರಿ ಓಡಿಸಿದರೆ ಅವನು ಬರೀ "ಲಾರಿಯವನು". ಸ್ಟೇರಿಂಗ್ ಅದೇ, ಬೆನ್ನು ನೋವು ಅದೇ, ನಿದ್ದೆಗೆಟ್ಟ ಕಣ್ಣು ಅದೇ. ಡ್ರೈವರ್ ಎಂಬ ಹೆಸರಿಗೆ ನಾಚಿ ನಾವು ಹುಡುಗರನ್ನು ಎರಡು ದಾರಿಗೆ ದೂಡುತ್ತಿದ್ದೇವೆ: ಒಂದೋ ವೀಸಾ ಖರೀದಿ, ಇಲ್ಲವೇ ಸಾಲದ ಮೇಲೆ "ಓನರ್" ಆಗುವುದು. ಮೂರನೆಯ ದಾರಿ, ಅಂದರೆ ಇಲ್ಲೇ ಸಂಬಳಕ್ಕೆ ದುಡಿಯುವುದು, ನಮ್ಮ ಲೆಕ್ಕದಲ್ಲೇ ಇಲ್ಲ. ಈ ಬರಹ ಆ ಮೂರನೆಯ ದಾರಿಯ ಪರವಾಗಿ.

ಈ ಕಡೆಯ ಊರುಗಳನ್ನು ನೋಡದವರಿಗೆ ಎರಡು ಮಾತು. ಜಹೀರಾಬಾದ್ ಮಂಗಳೂರಿನಿಂದ ಸುಮಾರು 700 ಕಿಲೋಮೀಟರ್ ದೂರ. ಪುಣೆ-ಹೈದರಾಬಾದ್ ಹೆದ್ದಾರಿ 65ರ ಮೇಲೆ, ಬೀದರಿನ ಪಕ್ಕದಲ್ಲಿದೆ. ನಾರಾಯಣಖೇಡ್ ಅದರ ಉತ್ತರಕ್ಕೆ, ತಾಂಡೂರು ದಕ್ಷಿಣಕ್ಕೆ. 1956ರ ರಾಜ್ಯ ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಇವತ್ತಿಗೂ ಹಳ್ಳಿಗಳಲ್ಲಿ ಕನ್ನಡ ನಡೆಯುತ್ತದೆ, ಪೇಟೆಯಲ್ಲಿ ದಖನಿ. ನಮ್ಮ ಹುಡುಗನಿಗೆ ಇಲ್ಲಿ ಬಾಯಿ ಕಟ್ಟುವುದಿಲ್ಲ. ಪಳ್ಳಿಯಲ್ಲಿ ಅಸರ್ ಬಾಂಗ್ ನಮ್ಮ ಶಾಫಿ ಲೆಕ್ಕಕ್ಕಿಂತ ತಡವಾಗಿ ಕೇಳುತ್ತದೆ, ಅಷ್ಟೇ ವ್ಯತ್ಯಾಸ.

ಕೆಲಸ ಇಲ್ಲವೇ? ಉಂಟು. ಜಹೀರಾಬಾದಿನಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಬಿಡಿಭಾಗ ಒಳಗೆ ಬರುವುದು, ಟ್ರ್ಯಾಕ್ಟರ್ ಹೊರಗೆ ಹೋಗುವುದು ಎರಡೂ ಗಾಡಿಯ ಮೇಲೆ. ತಾಂಡೂರಿನಲ್ಲಿ ಸುಣ್ಣದಕಲ್ಲಿನ ಗಣಿ, ಪಾಲಿಶ್ ಘಟಕಗಳು, ಸಿಮೆಂಟ್ ಕಾರ್ಖಾನೆಗಳಿವೆ. ಗಡಿ ದಾಟಿದರೆ ನಮ್ಮದೇ ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಪಟ್ಟಿ. ನಾರಾಯಣಖೇಡದ ಕಡೆಯಿಂದ ಹೆದ್ದಾರಿ 161 ನಾಂದೇಡಿಗೆ ಹೋಗುತ್ತದೆ. ಕಬ್ಬಿನ ಕಾಲದಲ್ಲಿ ಕಬ್ಬು, ಆಮೇಲೆ ತೊಗರಿ. ನಾನು ಡಿಪ್ಲೊಮಾ ಮುಗಿಸಿ ಬಂದು ಇಲ್ಲಿನ ಒಂದು ಲಾರಿ ವರ್ಕ್‌ಶಾಪಿನಲ್ಲಿದ್ದೇನೆ. ಒಳ್ಳೆಯ ಡ್ರೈವರ್ ಸಿಗದೆ ಮಾಲಕರು ಗಾಡಿ ನಿಲ್ಲಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಕಂತು ಕಟ್ಟಲಾಗದೆ ಗಾಡಿ ಬಿಟ್ಟು ಹೋದ ಮಾಲಕರನ್ನೂ ನೋಡಿದ್ದೇನೆ. ಈ ಎರಡರ ವ್ಯತ್ಯಾಸ ಅರ್ಥವಾದರೆ ಅರ್ಧ ಲೇಖನ ಅರ್ಥವಾದ ಹಾಗೆ.

ಈಗ ಆ "ದೊಡ್ಡ ಸಿಟಿ"ಯ ವಿಷಯ. ನ್ಯಾಲ್ಕಲ್ ಮತ್ತು ಝರಾಸಂಗಮ ಮಂಡಲಗಳಲ್ಲಿ 12 ಸಾವಿರಕ್ಕೂ ಹೆಚ್ಚು ಎಕರೆಯ ಹೂಡಿಕೆ ಮತ್ತು ಉತ್ಪಾದನಾ ವಲಯ, ಜನರ ಬಾಯಲ್ಲಿ "ನಿಮ್ಜ್". ಸುಳ್ಳಲ್ಲ. ಆದರೆ ಅದರ ತಾರೀಖು ನೋಡಿ. ಕೇಂದ್ರದ ಅಂತಿಮ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ದೇಶದ 12 ಕೈಗಾರಿಕಾ ನಗರಗಳಲ್ಲಿ ಒಂದಾಗಿ ಕೇಂದ್ರ ಸಂಪುಟ ಇದನ್ನು ಮಂಜೂರು ಮಾಡಿದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಎಂಟು ವರ್ಷ. 2016ರ ಸುದ್ದಿ ಕೇಳಿ ಐದು ವರ್ಷದ ಸಾಲದಲ್ಲಿ ಟಿಪ್ಪರ್ ತೆಗೆದವನ ಕೊನೆಯ ಕಂತು 2021ಕ್ಕೇ ಮುಗಿಯಬೇಕಿತ್ತು. ಸರಕಾರ ಎಂಟು ವರ್ಷ ಕಾಯಬಹುದು, ಫೈನಾನ್ಸಿನವನು ಎಂಟು ದಿನ ಕಾಯುವುದಿಲ್ಲ.

ಲೆಕ್ಕ ಹಾಕೋಣ. ಅಂಗಡಿಯವನ ಮಗ ನಾನು, ಲೆಕ್ಕ ಇಲ್ಲದೆ ಮಾತಾಡಿದರೆ ಉಪ್ಪನಿಗೆ ಸೇರುವುದಿಲ್ಲ. 36 ಲಕ್ಷ ಸಾಲ, ಶೇ. 11 ಬಡ್ಡಿ, 60 ಕಂತು ಎಂದಿಟ್ಟುಕೊಳ್ಳಿ. ತಿಂಗಳಿಗೆ 78 ಸಾವಿರದ ಹತ್ತಿರ. ಐದು ವರ್ಷದಲ್ಲಿ ಬಡ್ಡಿಯೇ ಸುಮಾರು 11 ಲಕ್ಷ. ಇದರ ಮೇಲೆ ಡೀಸೆಲ್, ಟಯರ್, ಇನ್ಶೂರೆನ್ಸ್, ಎಫ್‌ಸಿ, ಡ್ರೈವರ್ ಸಂಬಳ. ಲೋಡ್ ಸಿಗಲಿ, ಸಿಗದಿರಲಿ, 78 ಸಾವಿರ ಕೊಡಲೇಬೇಕು. ಮಳೆಗಾಲದಲ್ಲಿ ಸಿಮೆಂಟ್ ಲೋಡ್ ಕಡಿಮೆಯಾಗುತ್ತದೆ, ಕಂತು ಕಡಿಮೆಯಾಗುವುದಿಲ್ಲ. ಬಡ್ಡಿ ಹರಾಮ್ ಎಂದು ಉಸ್ತಾದರ ಪ್ರಸಂಗ ಕೇಳಿ ತಲೆಯಾಡಿಸುವ ನಾವೇ, ಮಗ "ಓನರ್" ಆಗುತ್ತಾನೆಂದರೆ ಈ 11 ಲಕ್ಷದ ಬಗ್ಗೆ ಬಾಯಿ ಬಿಡುವುದಿಲ್ಲ.

ಇದು ಪುಸ್ತಕದಲ್ಲಿ ಓದಿದ್ದಲ್ಲ. ಬಳ್ಳಾರಿ ಅದಿರಿನ ಕಾಲ ನಿಮಗೆ ನೆನಪಿರಬೇಕು. ಬಳ್ಳಾರಿ, ಹೊಸಪೇಟೆಯಿಂದ ಪಣಂಬೂರು ಬಂದರಿಗೆ ಲಾರಿ ಸಾಲು, ಶಿರಾಡಿ ಘಾಟಿಯ ರಸ್ತೆ ಪುಡಿಪುಡಿ. 2010ರ ಮೊದಲಿಗೆ ನನ್ನ ಬಾವ ಅಕ್ಕನ ಬಂಗಾರ ಅಡವಿಟ್ಟು, ನಮ್ಮ ಅಂಗಡಿಯಿಂದಲೂ ಸ್ವಲ್ಪ ದುಡ್ಡು ಎತ್ತಿ, ಲಾರಿ ತೆಗೆದರು. ಆ ವರ್ಷ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ತಪ್ಪು ಮಾಡಿದವರು ಗಣಿಯವರು, ತೀರ್ಪು ಸರಿಯೇ. ಆದರೆ ಲಾರಿಯ ಕಂತಿಗೆ ಯಾವ ಕೋರ್ಟೂ ತಡೆ ಕೊಡಲಿಲ್ಲ. ಮರುವರ್ಷ ಗಾಡಿ ಸೀಝ್ ಆಯಿತು. ಅಕ್ಕನ ಬಂಗಾರ ಇವತ್ತಿನವರೆಗೂ ಮನೆಗೆ ಬಂದಿಲ್ಲ. ಅದೇ ರಸ್ತೆಯಲ್ಲಿ ಅದೇ ಅದಿರು ಹೊತ್ತ ಸಂಬಳದ ಡ್ರೈವರ್ ಏನು ಕಳೆದುಕೊಂಡ? ಒಂದು ಕೆಲಸ. ಮರುತಿಂಗಳು ಇನ್ನೊಂದು ಗಾಡಿ ಹತ್ತಿದ.

ನಮ್ಮ ಮನೆ ಬಾಗಿಲಿನ ಎಣ್ಣೆಯ ಕಥೆಯೂ ಬೇರೆಯಲ್ಲ. ಮಂಗಳೂರಿನ ಪೆಟ್ರೋಲು, ಡೀಸೆಲು ಬೆಂಗಳೂರಿಗೆ ಹೋಗಲು 2003ರಲ್ಲಿ ಪೈಪ್‌ಲೈನ್ ಬಂತು. ಆಮೇಲೆ ಅಡುಗೆ ಅನಿಲಕ್ಕೂ ಬಂತು. ಪೈಪ್ ಬರುವುದು ಒಳ್ಳೆಯದೇ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಏನಾಯಿತೆಂದು ಕಂಡವರು ಪೈಪ್ ಬೇಡ ಎನ್ನಲಾರರು. ನಾನು ಹೇಳುವುದು ಇಷ್ಟೇ: ಸುಗ್ಗಿಯ ಬಾಗಿಲು ತೆರೆಯುವವರೂ ಮುಚ್ಚುವವರೂ ಬೇರೆ ಯಾರೋ. ಅಲ್ಲಿ ನಮ್ಮದು ಎಂದು ಇರುವುದು ಕೈಯ ಕೆಲಸ ಮಾತ್ರ.

ಸೌದಿಯ ಮಾತಿಗೆ ಬರೋಣ. ಅಲ್ಲಿ ಸಂಬಳ ಹೆಚ್ಚು, ನಿಜ. ಒಳ್ಳೆಯ ಕಂಪೆನಿಗೆ ನೇರವಾಗಿ ಹೋದ ನಮ್ಮ ಡ್ರೈವರ್‌ಗಳು ಮನೆ ಕಟ್ಟಿದ್ದಾರೆ, ತಂಗಿಯರ ಮದುವೆ ಮಾಡಿದ್ದಾರೆ. ಅವರ ಮುಂದೆ ನನ್ನ ತಲೆ ಬಾಗುತ್ತದೆ. ಆದರೆ ತೈಲದ ಊರೂ ಸುಗ್ಗಿಯ ಊರೇ. 2014ರ ನಡುವಿನಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೇಲಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿತ್ತು. ಅದೇ ವರ್ಷ ಜಿದ್ದಾದಲ್ಲಿ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಊಟಕ್ಕೂ ಗತಿಯಿಲ್ಲದೆ ಕುಳಿತರು. ಕೇಂದ್ರದ ಸಚಿವರೇ ಅಲ್ಲಿಗೆ ಹೋಗಬೇಕಾಯಿತು. ಇನ್ನು ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ, ಅದರ ಮೇಲೆ ಒಂದು ಪೈಸೆ ಕೇಳುವ ಹಾಗಿಲ್ಲ. ನಮ್ಮಲ್ಲಿ "ಫ್ರೀ ವೀಸಾ" ಎಂಬ ಹೆಸರಿನಲ್ಲಿ ಲಕ್ಷಗಳು ಕೈಬದಲಾಗುತ್ತವೆ. ಹೆಸರು ಫ್ರೀ, ದುಡ್ಡು ಬಂಗಾರ ಮಾರಿದ್ದು. ಅದೂ ಟಿಪ್ಪರಿನ ಹಾಗೆಯೇ: ಕೆಲಸ ಶುರುವಾಗುವ ಮೊದಲೇ ಸಾಲ.

"ಬ್ಯಾರಿ ಎಂದರೇ ವ್ಯಾಪಾರಿ, ಧೈರ್ಯ ಮಾಡದೆ ವ್ಯಾಪಾರವಾ?" ಎಂದು ಕೇಳುವವರಿದ್ದಾರೆ. ಸರಿ. ನನ್ನ ಉಪ್ಪ ಮೂವತ್ತು ವರ್ಷ ದಿನಸಿ ಅಂಗಡಿಯಲ್ಲಿ ಕುಳಿತವರು. ಗಿರಾಕಿ ಯಾರು, ಯಾವಾಗ ದುಡ್ಡು ಕೊಡುತ್ತಾನೆ ಎಂದು ತಿಳಿಯದೆ ಒಂದು ಮೂಟೆ ಅಕ್ಕಿಯನ್ನೂ ಹೆಚ್ಚಿಗೆ ಇಳಿಸಿದವರಲ್ಲ. ಗಿರಾಕಿಯನ್ನು ನೋಡದೆ 36 ಲಕ್ಷದ ಸರಕು ಇಳಿಸುವುದು ಜೂಜಿನ ಹತ್ತಿರದ್ದು, ವ್ಯಾಪಾರಿಯ ಧೈರ್ಯ ಅಲ್ಲ.

ಇನ್ನೊಂದು ಮಾತು ನಮಗೆ ರುಚಿಸಲಿಕ್ಕಿಲ್ಲ. ಆ ನಗರಕ್ಕಾಗಿ ಜಮೀನು ಬಿಟ್ಟುಕೊಟ್ಟವರು ಅಲ್ಲಿನ ರೈತರು. ಬೇಡವೆಂದು ಹೋರಾಡಿದವರೂ ಇದ್ದಾರೆ. ಕಾರ್ಖಾನೆ ಬಂದರೆ ಲೋಡಿನ ಸರದಿಯಲ್ಲಿ ಮೊದಲ ಹಕ್ಕು ಅವರದು, ನ್ಯಾಯವಾಗಿಯೂ. ನಾರಾಯಣಖೇಡದ ತಾಂಡಾಗಳಿಂದ ಇವತ್ತಿಗೂ ಜನ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಹೋಗುತ್ತಾರೆ. ಪಕ್ಕದ ಊರಿನವನಿಗೇ ಇನ್ನೂ ತಲುಪದ ಸುಗ್ಗಿ 700 ಕಿಲೋಮೀಟರ್ ಆಚೆಯ ನಮ್ಮ ಟಿಪ್ಪರಿಗಾಗಿ ಕಾಯುತ್ತಿದೆ ಎಂದು ನಂಬಲು ನಾವು ಯಾರು? ಮಾಲಕನಾಗಿ ಬಂದರೆ ಅವರ ಸರದಿಗೆ ಅಡ್ಡ ಬಂದವರಾಗುತ್ತೇವೆ. ಕೆಲಸ ಬಲ್ಲವನಾಗಿ ಬಂದರೆ ಅವರ ಗಾಡಿಗೇ ಬೇಕಾದವರಾಗುತ್ತೇವೆ.

ಹಾಗಾದರೆ ಹುಡುಗ ಏನು ಮಾಡಬೇಕು? ಮೊದಲು ಕಾಗದ ಸರಿ ಮಾಡಿಕೊಳ್ಳಲಿ. ಹೆವಿ ಲೈಸೆನ್ಸಿನ ಜೊತೆಗೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ಅದನ್ನು ಬರೆಸಿಕೊಂಡರೆ ಪೆಟ್ರೋಲ್, ಗ್ಯಾಸ್ ಟ್ಯಾಂಕರಿಗೂ ಹತ್ತಬಹುದು. ಅದು ಇಲ್ಲದೆ ಹತ್ತುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ನೇಮಕದ ಪತ್ರ, ಪಿಎಫ್, ಸಂಬಳ ಬ್ಯಾಂಕಿಗೆ, ಈ ಮೂರನ್ನೂ ಕೇಳಲಿ. ಐದು ಜನಕ್ಕಿಂತ ಕಡಿಮೆಯಿಲ್ಲದ ಸಾರಿಗೆ ಸಂಸ್ಥೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು 1961ರಲ್ಲೇ ಕಾನೂನು ಹಾಕಿತ್ತು. ರಸ್ತೆಯಲ್ಲಿ ಅದು ನಡೆಯುವುದು ಅಪರೂಪ. ಆದರೆ ಗೊತ್ತಿದ್ದು ಕೇಳುವವನನ್ನು ಮಾಲಕನೂ ಸುಮ್ಮನೆ ಹಿಂಡುವುದಿಲ್ಲ. ಎರಡು ಮಳೆಗಾಲ ಕಳೆಯಲಿ. ಯಾವ ಕಾರ್ಖಾನೆಯಲ್ಲಿ ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು, ಬಾಡಿಗೆ ಯಾವಾಗ ಕೈಗೆ ಬರುತ್ತದೆ, ಯಾರ ಮಾತು ನಂಬಬಹುದು, ಇದೆಲ್ಲ ಅವನಿಗೆ ತಿಳಿಯುತ್ತದೆ. ಆಮೇಲೂ ಗಾಡಿ ಬೇಕೆನಿಸಿದರೆ, ಕೆಲಸದ ಆರ್ಡರ್ ಕೈಯಲ್ಲಿ ಹಿಡಿದು, ಕೂಡಿಟ್ಟ ದುಡ್ಡಿಗೆ ಒಂದು ಹಳೆಯ ಗಾಡಿ ನೋಡಲಿ. ಎಂಜಿನ್ ಬಿಚ್ಚಿ ನೋಡಿ ಹೇಳಲು ನಾನಿದ್ದೇನೆ.

ಜಮಾಅತಿನವರಿಗೆ ಒಂದು ವಿನಂತಿ. ಪಿಯುಸಿ, ಇಂಜಿನಿಯರಿಂಗ್ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತೀರಿ, ಒಳ್ಳೆಯದು. ಓದು ಬಿಟ್ಟ ಹುಡುಗನ ಹೆವಿ ಲೈಸೆನ್ಸಿಗೂ ಸ್ವಲ್ಪ ಕೊಡಿ. ಹೆಣ್ಣು ಹೆತ್ತವರಿಗೆ ಇನ್ನೊಂದು. ಹುಡುಗ ಎಲ್ಲಿದ್ದಾನೆ ಎಂದು ಕೇಳುವ ಮೊದಲು ಅವನಿಗೆ ಸಾಲ ಎಷ್ಟಿದೆ ಎಂದು ಕೇಳಿ. "ಸೌದಿ", "ಓನರ್" ಎಂಬ ಎರಡು ಪದಕ್ಕೆ ಮರುಳಾಗಿ ಕೊಟ್ಟ ಮಗಳ ಬಂಗಾರ ಮದುವೆಯಾದ ಮರುವರ್ಷವೇ ಬ್ಯಾಂಕಿನ ಕಪಾಟಿಗೆ ಹೋದದ್ದನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಸಾಲವಿಲ್ಲದ ಲಾರಿ ಡ್ರೈವರ್ ತಿಂಗಳಿಗೊಮ್ಮೆ ಮನೆಗೆ ಬರುತ್ತಾನೆ, ಮಗುವಿನ ಮುಖ ನೋಡುತ್ತಾನೆ. ಇದಕ್ಕೂ ಒಂದು ಬೆಲೆ ಉಂಟು.

ಪಳ್ಳಿಯ ಮುಂದೆ ನನ್ನನ್ನು ನಿಲ್ಲಿಸಿದ ಹಿರಿಯರು ಇದನ್ನು ಓದುತ್ತಾರೋ ಇಲ್ಲವೋ, ಅವರ ಮಗ ಓದಬಹುದು. ಬರುವುದಾದರೆ ಬಾ. ನನ್ನ ರೂಮಿನಲ್ಲಿ ಇನ್ನೊಂದು ಚಾಪೆ ಹಾಸಲು ಜಾಗ ಉಂಟು. ಲೈಸೆನ್ಸ್ ತೆಗೆದುಕೊಂಡು ಬಾ. ಉಮ್ಮನ ಬಂಗಾರ ಉಮ್ಮನ ಹತ್ತಿರವೇ ಇರಲಿ.