ನಡುಗುವ ಚಾವಣಿಯ ಮೇಲಣ ಸೌರಫಲಕ

ಪಾವಗಡದ ಬಯಲಿನಲ್ಲಿ ಸುಮಾರು 13,000 ಎಕರೆಗಳಷ್ಟು ವಿಸ್ತಾರಕ್ಕೆ ಹರಡಿಕೊಂಡು 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಪಡೆದಿರುವ ಸೌರಫಲಕಗಳ ಸಮೂಹವನ್ನು ಕಂಡವರಿಗೆ, ಅವುಗಳ ಬಾಳು ಎಷ್ಟು ನಿಶ್ಚಲವಾದುದೆಂಬ ಸಂಗತಿ ಒಡನೆ ಹೊಳೆಯುವುದಿಲ್ಲ. ಬಿಸಿಲು, ಮಳೆ, ಗಾಳಿ, ಧೂಳುಗಳನ್ನು ಅವು ಸಹಿಸಬೇಕು, ನಿಜ. ಆದರೆ ಅವುಗಳ ಕಾಲ ಕೆಳಗಣ ನೆಲವು ನಡುಗುವುದಿಲ್ಲ. ಅದೇ ಫಲಕವನ್ನು ಕಾರಿನ ಚಾವಣಿಯಲ್ಲಿಯೋ ಬಸ್ಸಿನ ನೆತ್ತಿಯ ಮೇಲೆಯೋ ರೈಲಿನ ಬೋಗಿಯ ಮೇಲೆಯೋ ಕೂರಿಸಿದೊಡನೆ, ಸೂರ್ಯನಿಗೆ ಮುಖವೊಡ್ಡಿದ ಅದರ ಮೇಲ್ಮೈ ಹಿಂದಿನಂತೆಯೇ ಉಳಿದರೂ, ಅದರ ಬೆನ್ನಿಗೆ ಹಗಲಿರುಳು ಬಡಿಯುವ ಹೊಸದೊಂದು ಬಲವು ಹುಟ್ಟಿಕೊಳ್ಳುತ್ತದೆ.

ಇದು ಕೇವಲ ಕಲ್ಪನೆಯ ಮಾತಲ್ಲ. 2017ರ ಜುಲೈ ತಿಂಗಳಲ್ಲಿ ದೆಹಲಿಯ ಸಫ್ದರ್‌ಜಂಗ್ ನಿಲ್ದಾಣದಲ್ಲಿ ನಮ್ಮ ರೈಲ್ವೆ ಇಲಾಖೆಯು, ಬೋಗಿಯೊಂದಕ್ಕೆ 300 ವ್ಯಾಟಿನ 16 ಫಲಕಗಳನ್ನು ಹೊತ್ತ ಡೀಸೆಲ್ ಬಹುಘಟಕ ರೈಲನ್ನು ಸೇವೆಗಿಳಿಸಿತು. ಜಪಾನಿನಲ್ಲಿ 2019ರಲ್ಲಿ ಟೊಯೋಟಾ ಮತ್ತು ಶಾರ್ಪ್ ಸಂಸ್ಥೆಗಳು ಪ್ರಿಯಸ್ ಕಾರೊಂದರ ಮೈಮೇಲೆ ಸುಮಾರು 860 ವ್ಯಾಟ್ ಸಾಮರ್ಥ್ಯದ ಕೋಶಗಳನ್ನು ಹೊದಿಸಿ ಪರೀಕ್ಷಿಸಿದವು; ಪುಣೆಯ ವೇವ್ ಸಂಸ್ಥೆಯು ಚಾವಣಿಯಲ್ಲಿ ಸೌರಫಲಕವುಳ್ಳ ‘ಇವಾ’ ಎಂಬ ಪುಟ್ಟ ಕಾರನ್ನು 2023ರ ವಾಹನ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಇವೆಲ್ಲವುಗಳ ವಿಷಯದಲ್ಲಿಯೂ ಸಾರ್ವಜನಿಕ ಚರ್ಚೆಯು ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತಿದೆ: ದಿನವೊಂದಕ್ಕೆ ಎಷ್ಟು ಕಿಲೋಮೀಟರು ಉಚಿತವಾಗಿ ಓಡೀತು? ಎಷ್ಟು ವರ್ಷ ಹಾಗೆ ಓಡೀತು ಎಂಬ ಪ್ರಶ್ನೆಯು ಇದಕ್ಕಿಂತ ಗುರುತರವಾದುದೆಂದು ನನ್ನ ಭಾವನೆ.

ಫಲಕದ ಒಳಗಿರುವ ಸಿಲಿಕಾನ್ ಕೋಶದ ದಪ್ಪವು ಮಿಲಿಮೀಟರಿನ ಆರನೆಯ ಒಂದಂಶದಷ್ಟು ಮಾತ್ರ. ಗಾಜಿನಂತೆಯೇ ಅದು ಬಾಗದೆ ಬಿರಿಯುವ ವಸ್ತು. ಸಂತೆಗೆ ಹೊರಟ ಕುಂಬಾರನು ಗಾಡಿಯಲ್ಲಿ ಮಡಕೆಗಳ ನಡುವೆ ಹುಲ್ಲನ್ನು ತುರುಕುವಂತೆ, ತಯಾರಕರು ಈ ಕೋಶಗಳ ಮೇಲೆ ಕೆಳಗೆ ಮೃದುವಾದ ಪಾಲಿಮರ್ ಪದರಗಳನ್ನು ಹಾಸಿ, ಅದರ ಮೇಲೆ ಗಾಜನ್ನು ಕವಿಸಿ, ಕೋಶದಿಂದ ಕೋಶಕ್ಕೆ ತಾಮ್ರದ ತೆಳುಪಟ್ಟಿಗಳನ್ನು ಬೆಸೆಯುತ್ತಾರೆ. ಫಲಕವು ಬಾಗಿದಾಗಲೆಲ್ಲ ಎರಡು ಕೋಶಗಳ ನಡುವಣ ಕಿರುಸಂದಿಯಲ್ಲಿ ಈ ಪಟ್ಟಿಯೂ ಬಾಗುತ್ತದೆ, ಬೆಸುಗೆಯು ಎಳೆಯಲ್ಪಡುತ್ತದೆ. ಕೋಶವು ಬಿರಿದರೂ ಮೊದಲಿಗೆ ನಷ್ಟವೇನೂ ತೋರುವುದಿಲ್ಲ. ಬಿರುಕಿನ ಎರಡು ದಡಗಳನ್ನು ಮೇಲಣ ಲೋಹದ ಗೆರೆಗಳು ಸೇತುವೆಯಂತೆ ಕೂಡಿಸಿಟ್ಟಿರುತ್ತವೆ. ಆದರೆ ಬಿರುಕು ತೆರೆದು ಮುಚ್ಚಿ, ತೆರೆದು ಮುಚ್ಚಿ, ಆ ಗೆರೆಗಳು ಸವೆದು ಕಡಿದ ದಿನ ಕೋಶದ ಒಂದು ಭಾಗವು ನಿಷ್ಕ್ರಿಯವಾಗುತ್ತದೆ. ಕೋಶಗಳೆಲ್ಲವೂ ಸಾಲಾಗಿ ಜೋಡಿಸಲ್ಪಟ್ಟಿರುವುದರಿಂದ ಸಾಲಿನ ಅತಿ ದುರ್ಬಲ ಕೋಶವೇ ಮಿಕ್ಕವುಗಳ ಪ್ರವಾಹವನ್ನು ತಡೆಹಿಡಿಯುತ್ತದೆ ಮತ್ತು ಆ ಸ್ಥಳವೇ ಅತಿಯಾಗಿ ಕಾಯತೊಡಗುತ್ತದೆ. ಪ್ರಯಾಣಿಕರ ತಲೆಯ ಮೇಲೆ ನಡೆಯುವ ಈ ಕಾಯುವಿಕೆಯನ್ನು ಬರಿಯ ವಿದ್ಯುನ್ನಷ್ಟವೆಂದು ಭಾವಿಸುವುದು ಸರಿಯಲ್ಲ.

ಪ್ರತಿಯೊಂದು ಫಲಕಕ್ಕೂ, ಮೀಟಿದ ತಂತಿಗಿರುವಂತೆ, ತನ್ನದೇ ಆದ ಸಹಜ ಆವೃತ್ತಿಯೊಂದಿದೆ. ಹೊರಗಿನ ಬಡಿತವು ಆ ಆವೃತ್ತಿಗೆ ಸರಿಹೊಂದಿದಾಗ ಅನುನಾದವುಂಟಾಗಿ, ಅಲ್ಪ ಬಲವೂ ಮಹತ್ತಾದ ಚಲನೆಯನ್ನು ಹುಟ್ಟಿಸುತ್ತದೆ. ವಾಹನದ ಒಡಲು ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದೆರಡು ಬಾರಿ ತೂಗುತ್ತದೆ. ಚಕ್ರಗಳು ಸೆಕೆಂಡಿಗೆ 10ರಿಂದ 15 ಬಾರಿ ಪುಟಿಯುತ್ತವೆ. ಮೀಟರಿಗೊಂದರಂತೆ ಅಲೆಯೆದ್ದ ಮಣ್ಣಿನ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಿಂದ ಸಾಗುವ ಬಸ್ಸಿಗೆ ಸೆಕೆಂಡಿಗೆ ಸರಿಯಾಗಿ 10 ಬಡಿತಗಳು ಬೀಳುತ್ತವೆ. ಅಂಚುಗಳಲ್ಲಷ್ಟೆ ಹಿಡಿದು ನಿಲ್ಲಿಸಿದ ದೊಡ್ಡ ಫಲಕದ ಸಹಜ ಆವೃತ್ತಿಯು ಹಲವೊಮ್ಮೆ ಈ ನೆರೆಯಲ್ಲಿಯೇ ಇರುತ್ತದೆಂಬುದು ಸಮಸ್ಯೆಯ ತಿರುಳು. ಆಧಾರವಿಲ್ಲದ ಉದ್ದವನ್ನು ಅರ್ಧಕ್ಕಿಳಿಸಿದರೆ ಆವೃತ್ತಿಯು ನಾಲ್ಮಡಿಯಾಗುವುದರಿಂದ, ಕೆಳಗೆ ಪಕ್ಕೆಲುಬುಗಳಂತಹ ಅಡ್ಡಪಟ್ಟಿಗಳನ್ನು ಕೊಟ್ಟೋ ಇಡಿಯ ಫಲಕವನ್ನು ಚಾವಣಿಗೆ ಅಂಟಿಸಿಯೋ ಅಪಾಯದಿಂದ ದೂರ ಸರಿಯಬಹುದು. ಆದರೆ ಹಾಗೆ ಅಂಟಿಸಿದಾಗ ಗುಂಡಿಗಿಳಿದ ವಾಹನದ ಒಡಲು ತಿರುಚಿಕೊಳ್ಳುವ ತಿರುಚನ್ನೂ ಫಲಕವು ಉಣ್ಣಬೇಕಾಗುತ್ತದೆ. ಸಮದಪ್ಪದ ಎರಡು ಗಾಜುಗಳ ನಟ್ಟನಡುವೆ ಕೋಶಗಳನ್ನಿರಿಸಿದರೆ ಬಾಗುವಾಗಲೂ ಅವು ಹೆಚ್ಚಾಗಿ ಹಿಗ್ಗಿಕುಗ್ಗವು; ಆದರೆ ಗಾಜಿನ ಭಾರವನ್ನು ಹೊರುವುದಕ್ಕೆ ಗಳಿಸಿದ ಶಕ್ತಿಯ ಒಂದು ಪಾಲನ್ನೇ ತೆರಬೇಕು. ಇನ್ನು ಆ ಮೃದುಪದರವಾದರೋ ಚಳಿಗೆ ಬಿಗಿದು ಬಿಸಿಲಿಗೆ ಸಡಿಲುವ ಸ್ವಭಾವದ್ದು. ಆದಕಾರಣ ಮುಂಜಾವದಲ್ಲಿ ಮಡಿಕೇರಿಯನ್ನು ಬಿಟ್ಟ ಫಲಕವೂ ನಡುಹಗಲಿನಲ್ಲಿ ರಾಯಚೂರಿನ ಬಿಸಿಲಿಗೆ ಬೆಂದ ಫಲಕವೂ ಒಂದೇ ಆವೃತ್ತಿಯಲ್ಲಿ ಕಂಪಿಸಲಾರವು.

ನಮ್ಮಲ್ಲಿ ಜಾರಿಯಲ್ಲಿರುವ ಪರೀಕ್ಷೆಗಳು ಇದನ್ನು ಗ್ರಹಿಸುತ್ತವೆಯೇ? ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನಕವೂ ಅದಕ್ಕೆ ಸಂವಾದಿಯಾದ ನಮ್ಮ ಐಎಸ್ 14286 ಕೂಡ ನೆಲದಲ್ಲಿ ನಿಂತ ಫಲಕಕ್ಕಾಗಿ ರೂಪುಗೊಂಡವು. 2,400 ಪಾಸ್ಕಲ್‌ಗಳ ಸ್ಥಿರಭಾರ, ಆಲಿಕಲ್ಲಿನ ಹೊಡೆತ, ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿಯವರೆಗೆ 200 ಬಾರಿ ಕಾಯಿಸಿ ತಣಿಸುವುದು, ಇವೆಲ್ಲ ಅಲ್ಲಿವೆ. ತೂಗಾಡುವ ಭಾರಕ್ಕೆಂದು ಬೇರೊಂದು ಪರೀಕ್ಷೆಯಿದ್ದು, ಅದರಲ್ಲಿ 1,000 ಪಾಸ್ಕಲ್‌ಗಳ ಒತ್ತಡವನ್ನು ಒಮ್ಮೆ ಆಚೆ ಒಮ್ಮೆ ಈಚೆ, ಹೀಗೆ 1,000 ಬಾರಿ ಹೇರಲಾಗುತ್ತದೆ. ಈಗ ಬಸ್ಸಿನ ಲೆಕ್ಕವನ್ನು ನೋಡೋಣ. ಚದರ ಮೀಟರಿಗೆ 10 ಕಿಲೋಗ್ರಾಂ ತೂಗುವ ಫಲಕವನ್ನು ಗುರುತ್ವದಷ್ಟೇ ವೇಗೋತ್ಕರ್ಷದಿಂದ ಕುಲುಕಿದರೆ ಅದರ ಮೇಲೆ ಬೀಳುವ ಭಾರ ಸುಮಾರು 100 ಪಾಸ್ಕಲ್. ಅನುನಾದದಿಂದ ಅದು ಹತ್ತುಪಟ್ಟಾದರೆ 1,000 ಪಾಸ್ಕಲ್. ಸೆಕೆಂಡಿಗೆ 10 ಕಂಪನಗಳಂತೆ ಆ ಪರೀಕ್ಷೆಯ ಸಮಸ್ತ ಶ್ರಮವೂ ನೂರೇ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡುವ ಬಸ್ಸಿನಲ್ಲಿ ಹತ್ತು ಕೋಟಿಗೆ ಮಿಗಿಲಾದ ಕಂಪನಗಳು ಸಲ್ಲುತ್ತವೆ. ಅವುಗಳಲ್ಲಿ ಬಹುಪಾಲು ಬಹು ಸೌಮ್ಯವಾದವು ಎಂಬುದನ್ನು ಒಪ್ಪಲೇಬೇಕು. ಆದರೂ ಸೌಮ್ಯವಾದವು ಕೋಟಿಗಟ್ಟಲೆಯಾಗಿ ಕೂಡಿದಾಗ ಏನಾಗುವುದೆಂಬುದನ್ನು ಆ ಸಾವಿರವು ಹೇಳಲಾರದು.

ಈ ಪಾಠವನ್ನು ಜಗತ್ತು ಚೆನ್ನಾಗಿ ಕಲಿತದ್ದು ರೈಲಿನಿಂದಲೇ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸಾಯ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಮಡಿದರು; ತನ್ನ ಶಕ್ತಿಗಿಂತ ಬಹು ಕಡಿಮೆಯಾದ ಭಾರವನ್ನು ಹೊತ್ತ ಅಚ್ಚು ಏಕೆ ಮುರಿಯುತ್ತದೆಂಬ ಒಗಟನ್ನು ಮುಂದೆ ಜರ್ಮನಿಯ ಆಗಸ್ಟ್ ವೂಲರ್, ಅಚ್ಚುಗಳನ್ನು ಲಕ್ಷಗಟ್ಟಲೆ ಬಾರಿ ತಿರುಗಿಸಿ ಬಾಗಿಸಿ, ಲೋಹಕ್ಕೂ ದಣಿವುಂಟೆಂದು ತೋರಿಸುವ ಮೂಲಕ ಬಿಡಿಸಿದನು. ತಾಮ್ರದ ಪಟ್ಟಿಗೂ ಬೆಸುಗೆಗೂ ಇದು ಅಷ್ಟೇ ಸತ್ಯ.

ಬೆಂಗಳೂರಿಗಂತೂ ವಾಹನದ ಮೈಗೆ ಸೌರಕೋಶವನ್ನು ಹೊದಿಸುವ ವಿದ್ಯೆ ಹೊಸತಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿದ ಆರ್ಯಭಟವು ಪೀಣ್ಯದಲ್ಲಿ ಸಿದ್ಧವಾದುದು; 26 ಮುಖಗಳ ಅದರ ಒಡಲನ್ನು ಬಹುಮಟ್ಟಿಗೆ ಸೌರಕೋಶಗಳೇ ಆವರಿಸಿದ್ದುವು. ಅಂದಿನಿಂದ ಇಂದಿನವರೆಗೂ ಉಪಗ್ರಹಗಳನ್ನು ಕಂಪನಪೀಠದ ಮೇಲಿರಿಸಿ ಅಲುಗಿಸಿ ನೋಡದೆ ಹಾರಿಸುವುದಿಲ್ಲ. ಆದರೆ ರಾಕೆಟ್ಟಿನ ಕುಲುಕು ಉಗ್ರವಾದರೂ ಕೆಲವು ನಿಮಿಷಗಳದು. ಬಸ್ಸಿನದು ಮೃದುವಾದರೂ ಹತ್ತು ವರ್ಷಗಳದು. ಪೀಠವೂ ಪಾಂಡಿತ್ಯವೂ ನಮ್ಮಲ್ಲಿವೆ. ಯಾವ ಅಲುಗಾಟವನ್ನು ಆ ಪೀಠಕ್ಕೆ ಉಣಿಸಬೇಕೆಂಬ ದಾಖಲೆಯೊಂದೇ ಕೊರತೆ. ವಾಹನದ ವಿದ್ಯುತ್ಸಾಧನಗಳಿಗೆಂದು ಐಎಸ್‌ಒ 16750 ವಿಧಿಸುವ, 10ರಿಂದ 1,000 ಹರ್ಟ್ಜ್‌ವರೆಗಿನ ಕಂಪನಪರೀಕ್ಷೆಯು ನಾಲ್ಕು ತಿರುಪುಗಳಲ್ಲಿ ನಿಲ್ಲುವ ಪೆಟ್ಟಿಗೆಗೆ ಒಪ್ಪುವಷ್ಟು, ಎರಡು ಮೂರು ಮೀಟರು ಹರಡಿದ ಬಾಗುಚಾವಣಿಗೆ ಒಪ್ಪದು.

ಸಾರಿಗೆ ನಿಗಮಗಳೂ ರೈಲ್ವೆಯೂ ಇಂತಹ ಫಲಕಗಳಿಗೆ ಟೆಂಡರು ಕರೆಯುವ ಮೊದಲು, ನಮ್ಮ ಹಳ್ಳಿಯ ದಾರಿ, ಹಂಪುಗಳು, ಘಾಟಿಯ ತಿರುವು ಇವುಗಳ ಮೇಲೆ ಓಡುವ ಚಾವಣಿಗೆ ಅಳತೆಯಂತ್ರಗಳನ್ನು ಕಟ್ಟಿ ಒಂದು ವರ್ಷದ ಕಂಪನವನ್ನು ಬರೆದಿಡಬೇಕು. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ನಿನಂತಹ ಸಂಸ್ಥೆಗಳು ಆ ಬರಹದಿಂದಲೇ ಪರೀಕ್ಷೆಯನ್ನು ರೂಪಿಸಿ, ಕಾದ ಫಲಕದ ಮೇಲೂ ತಣ್ಣಗಿನ ಫಲಕದ ಮೇಲೂ ಅದನ್ನು ನಡೆಸಬೇಕು. ಕತ್ತಲ ಕೋಣೆಯಲ್ಲಿ ಫಲಕಕ್ಕೆ ವಿದ್ಯುತ್ತನ್ನು ಹರಿಸಿದರೆ ಕೋಶಗಳು ಬರಿಗಣ್ಣಿಗೆ ಕಾಣದ ಬೆಳಕನ್ನು ಸೂಸುತ್ತವೆ, ಬಿರುಕುಗಳು ಕಪ್ಪು ಗೆರೆಗಳಾಗಿ ಕ್ಯಾಮರಾಕ್ಕೆ ಸಿಕ್ಕಿಬೀಳುತ್ತವೆ. ಕೂರಿಸುವ ದಿನ ಒಂದು, ವರ್ಷ ಕಳೆದು ಇಳಿಸಿದ ದಿನ ಇನ್ನೊಂದು, ಅಂತಹ ಎರಡು ಚಿತ್ರಗಳನ್ನು ಮಾರಾಟಗಾರನು ಕೊಳ್ಳುವವನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ತೋರಿಸತಕ್ಕದ್ದೆಂಬ ನಿಬಂಧನೆಯು ಟೆಂಡರಿನಲ್ಲಿ ಈಗಲೇ ಸೇರಬಹುದು. ಅದಕ್ಕೆ ಹೊಸ ಮಾನಕವೊಂದು ಹುಟ್ಟುವವರೆಗೆ ಕಾಯಬೇಕಾದ್ದಿಲ್ಲ.